ಬಾಗಿಲ ಸಂದಿಯ ಆಯುಧ

ನಮ್ಮ ಕಡೆಯ ಮನೆಗಳಲ್ಲಿ ಬಾಗಿಲ ಹಿಂದೆ ಒಂದು ಸಂದಿಯಿರುತ್ತದೆ. ಮನೆ ಕಟ್ಟಿದವನು ಅದನ್ನು ಬೇಕೆಂದು ಬಿಟ್ಟುದಲ್ಲ. ಕದ ತೆರೆದಾಗ ಅದಕ್ಕೂ ಗೋಡೆಗೂ ನಡುವೆ ತಾನಾಗಿಯೇ ಉಳಿಯುವ ಮೂಲೆ ಅದು. ಪೊರಕೆ, ಕೊಡೆ, ಮುದುಕರ ಊರುಗೋಲು, ಮಳೆಯಲ್ಲಿ ನೆನೆದ ಗೋಣಿ ಎಲ್ಲವೂ ಅಲ್ಲಿ ಆಶ್ರಯ ಪಡೆಯುತ್ತವೆ. ಇವುಗಳ ಹಿಂದೆ, ಬಂದವರ ಕಣ್ಣಿಗೆ ಬೀಳದಂತೆ, ಇನ್ನೊಂದು ವಸ್ತುವೂ ಇರುವುದುಂಟು. ಏಕೆಂದು ಕೇಳಿದರೆ ಮನೆಯವರು, "ಒಂದು ಇರಲಿ ಅಂತ" ಎನ್ನುತ್ತಾರೆ. ಹೀಗೆ "ಇರಲಿ" ಎಂದು ಇಟ್ಟ ಮಚ್ಚು, ಕೊಡಲಿ, ದೊಣ್ಣೆಗಳ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಪಾಠಶಾಲೆಯ ಉಪಾಧ್ಯಾಯಿನಿಗೆ ಈ ವಿಷಯವೇಕೆ ಎಂದು ವಾಚಕರು ನಗಬಹುದು. ವಿಷಯವನ್ನು ನಾನು ಹುಡುಕಿಕೊಂಡು ಹೋದವಳಲ್ಲ. ಅದೇ ನಮ್ಮ ಮನೆಗೆ ಬಂದಿತು.

ತಾಳವಾಡಿಯಿಂದ ಸತ್ಯಮಂಗಲಕ್ಕೆ ಇಳಿಯಬೇಕಾದರೆ ದಿಂಬಂ ಘಟ್ಟದ 27 ತಿರುವುಗಳನ್ನು ದಾಟಬೇಕಷ್ಟೆ. ಆ ದಾರಿ ಹಾಯುವ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ವಾಹನಗಳಿಗೆ ಸಿಕ್ಕಿ ಕಾಡುಪ್ರಾಣಿಗಳು ಸಾಯುವುದನ್ನು ತಪ್ಪಿಸಲೆಂದು, ಮದ್ರಾಸು ಉಚ್ಚ ನ್ಯಾಯಾಲಯದ ಆದೇಶದಂತೆ, 2022ರ ಫೆಬ್ರವರಿಯಲ್ಲಿ ಅಲ್ಲಿ ರಾತ್ರಿಯ ಸಂಚಾರಕ್ಕೆ ಕಟ್ಟುಪಾಡು ಬಂದಿತು. ಅದು ಸರಿಯಾದುದೇ, ಕಾಡಿನ ಮಕ್ಕಳಿಗೂ ನಿದ್ದೆ ಬೇಕು. ಆದರೆ ನಮ್ಮ ಯಜಮಾನರು ಕೋಸು ತುಂಬಿದ ಗಾಡಿಯನ್ನು ಮೆಟ್ಟುಪಾಳಯದ ಮಂಡಿಗೆ ಒಯ್ಯುವವರು. ಲೆಕ್ಕ ಮುಗಿಯುವುದು ತಡವಾದರೆ ಆ ರಾತ್ರಿ ಅವರು ಘಟ್ಟದ ಕೆಳಗೇ ಉಳಿಯಬೇಕು. ಊರಾಚೆ, ಹೊಲದ ನಡುವೆ ಇರುವ ನಮ್ಮ ಹೆಂಚಿನ ಮನೆಯಲ್ಲಿ ಆಗ ಉಳಿಯುವವರು ನಾನು, ನನ್ನ ಅತ್ತೆಯವರು, ಆರು ವರ್ಷದ ಮಗಳು, ಇಷ್ಟೇ ಜನ. ಕಳೆದ ವರ್ಷ ನೆರೆಯ ಹೊಲದ ಮೋಟಾರಿನ ತಂತಿಯನ್ನು ಯಾರೋ ರಾತ್ರಿ ಕತ್ತರಿಸಿ ಒಯ್ದರು. ಅಂದಿನಿಂದ ಬಂದವರೆಲ್ಲರೂ ನಮಗೆ ಆಯುಧದ ಉಪದೇಶ ಮಾಡತೊಡಗಿದರು.

ಉಪದೇಶವೆಂದರೆ ಒಂದೇ ಬಗೆಯದಲ್ಲ. ಮೈದುನನ ಮತದಲ್ಲಿ ಎರಡು ಅಡಿ ಉದ್ದದ ಮಚ್ಚೇ ಸರಿ: "ಅತ್ತಿಗೆ, ಉದ್ದ ಇದ್ದಷ್ಟೂ ದೂರದಿಂದಲೇ ಬೀಸಬಹುದು." ಸಹೋದ್ಯೋಗಿಯೊಬ್ಬರು ಕೊಡಲಿಯ ಪಕ್ಷದವರು: ಅಲಗು ತಪ್ಪಿದರೂ ಕಾವಿನ ಏಟು ತಪ್ಪುವುದಿಲ್ಲವಂತೆ. ಹಾಲು ತರುವ ಅಜ್ಜ ಭರ್ಜಿಯನ್ನು ಹೊಗಳಿದರು. ಹೆಂಗಸರು ಕಾರದ ಪುಡಿಯನ್ನು ಸೂಚಿಸಿದರು. ಹೀಗೆ ಒಂದು ವಾರದಲ್ಲಿ ನಮ್ಮ ಜಗಲಿಯ ಮೇಲೆ ಮಾತಿನಲ್ಲಿಯೇ ಒಂದು ಆಯುಧಾಗಾರ ಸಿದ್ಧವಾಯಿತು. ಇಷ್ಟು ಬಗೆಯ ಅಲಗುಗಳ ಗುಣದೋಷ ಬಲ್ಲ ಈ ಸಾತ್ತ್ವಿಕರು ಅದನ್ನೆಲ್ಲ ಎಲ್ಲಿ ಕಲಿತರೆಂದು ನಾನು ಆಶ್ಚರ್ಯಪಟ್ಟೆ. ಅವರಲ್ಲಿ ಒಬ್ಬರೂ ಮನುಷ್ಯನ ಮೇಲೆ ಕೈಯೆತ್ತಿದವರಲ್ಲ.

ಕೊನೆಗೆ ನಾನು ಕುಲುಮೆಗೆ ಹೋದೆ. ನಮ್ಮ ಆಚಾರಿ ಲಾರಿಯ ಹಳೆಯ ಸ್ಪ್ರಿಂಗ್ ಪ್ಲೇಟನ್ನು ಕಾಯಿಸಿ, ಬಡಿದು, ಒಳ್ಳೆಯ ಅಲಗು ಮಾಡುತ್ತಾನೆ. "ಒಂದು ದೊಡ್ಡ ಮಚ್ಚು ಬೇಕು" ಎಂದೆ. ಆತ ತಿದಿಯನ್ನು ನಿಲ್ಲಿಸಿ, "ಯಾನ ಕೆಲ್ಸಕ್ಕ ಟೀಚರಮ್ಮ?" ಎಂದು ಕೇಳಿದ. ಮನೆಯಲ್ಲಿ ಇರಲಿ ಎಂದು, ಎಂದೆ. ಅವನಿಗೆ ಅದು ಉತ್ತರವೆನಿಸಲಿಲ್ಲ. "ಕಬ್ಬಿಗಾದ್ರ ಹಗೂರ ಇರ್ಬೇಕು. ಸೌದೆಗಾದ್ರ ತೂಕ ಬೇಕು. ಕಾಯಿಗಾದ್ರ ಮೂತಿ ಬಾಗಿರ್ಬೇಕು. ಸುಮ್ನ ಇಟ್ಕಳಕ್ಕ ಅಂದ್ರ ನಾನು ಯಾವ ಅಳತೆ ಹಿಡೀಲಿ?" ಎಂದ. ಯೋಚಿಸಿ ಬರುತ್ತೇನೆಂದು ಹೇಳಿ ಹಿಂತಿರುಗಿದೆ. ಅವನ ಪ್ರಶ್ನೆ ದಾರಿಯುದ್ದಕ್ಕೂ ನನ್ನ ಜೊತೆಗೆ ಬಂದಿತು.

ಯೋಚಿಸಿದಷ್ಟೂ ಆಚಾರಿಯ ಮಾತಿನಲ್ಲಿ ಸತ್ಯವಿದೆಯೆಂದು ತೋರಿತು. ಲೋಕದ ಹೆಸರಾಂತ ದೊಡ್ಡ ಅಲಗುಗಳಲ್ಲಿ ಎಷ್ಟೋ ಹೊಲಕ್ಕೋ ಕಾಡಿಗೋ ಸೇರಿದವು. ನೇಪಾಳದ ಖುಕುರಿಯನ್ನು ಸಿಪಾಯಿಯ ಸೊಂಟದಲ್ಲಿ ನೋಡಿ ನಾವು ಬೆರಗಾಗುತ್ತೇವೆ. ಅಲ್ಲಿಯ ಬೆಟ್ಟದ ರೈತ ಅದರಲ್ಲಿ ಸೌದೆ ಸೀಳುತ್ತಾನೆ, ಸೊಪ್ಪು ಕಡಿಯುತ್ತಾನೆ. ದಕ್ಷಿಣ ಅಮೆರಿಕದ ಮಚೇಟೆ ಕಬ್ಬಿನ ಗದ್ದೆಯ ಕತ್ತಿ. ಕೊಡಗಿನವರ ಒಡಿಕತ್ತಿ ಅಗಲವಾದ, ಬಾಗಿದ ಅಲಗಿನದು. ಅದನ್ನು ಬೆನ್ನ ಹಿಂದೆ ತೋಡಂಗದಲ್ಲಿ ಸಿಕ್ಕಿಸಿಕೊಳ್ಳುತ್ತಾರೆ. ಯುದ್ಧದ ದಿನಗಳು ಕಳೆದ ಮೇಲೆ ಅದಕ್ಕೆ ಅವರು ಮದುವೆಯಲ್ಲಿ ಬಾಳೆಯ ಕಂಬ ಕಡಿಯುವ ಗೌರವದ ಕೆಲಸವನ್ನು ಉಳಿಸಿಕೊಂಡಿದ್ದಾರೆ. ಸೆಪ್ಟೆಂಬರಿನ ಕೈಲ್‌ಪೊಳ್ದು ಹಬ್ಬದಲ್ಲಿ ಆಯುಧಗಳಿಗೆ ಪೂಜೆಯೂ ನಡೆಯುತ್ತದೆ. ಇನ್ನು ನಾವಿರುವ ತಮಿಳುನಾಡಿನಲ್ಲಿ ಘಟ್ಟವಿಳಿದು ಬಯಲಿಗೆ ಹೋದರೆ, ಊರ ಗಡಿಯಲ್ಲಿ ಮೀಸೆ ತಿರುವಿಕೊಂಡು ಉದ್ದನೆಯ ಅರುವಾಳನ್ನು ಹಿಡಿದು ನಿಂತ ಕಾವಲು ದೇವರುಗಳನ್ನು ನೋಡಬಹುದು. ಅಲಗು ಹಿಡಿದು ರಾತ್ರಿಯಿಡೀ ಎಚ್ಚರವಿರುವ ಕೆಲಸವನ್ನು ಆ ಜನ ಜಾಣತನದಿಂದ ದೇವರಿಗೆ ಒಪ್ಪಿಸಿ, ತಾವು ಮನೆಯೊಳಗೆ ಮಲಗಿದ್ದಾರೆ.

ಆಚಾರಿಯ ಪ್ರಶ್ನೆಯನ್ನು ಸರಕಾರವೂ ಕೇಳುತ್ತದೆಂಬುದು ಆಮೇಲೆ ತಿಳಿಯಿತು. 1959ರ ಶಸ್ತ್ರಾಸ್ತ್ರ ಕಾಯಿದೆ ಮನೆಗೆಲಸಕ್ಕೂ ಬೇಸಾಯಕ್ಕೂ ಮಾತ್ರವೇ ಮಾಡಿದ ಸಾಮಾನುಗಳನ್ನು, ಲಾಠಿಯನ್ನು, ಊರುಗೋಲನ್ನು ಆಯುಧವೆಂದು ಎಣಿಸುವುದಿಲ್ಲ. ಆ ಕಾಯಿದೆಯ ನಿಯಮಗಳಲ್ಲಿ ಕತ್ತಿ, ಕಠಾರಿ, ಭರ್ಜಿಗಳ ಜೊತೆಗೆ 9 ಅಂಗುಲಕ್ಕಿಂತ ಉದ್ದವಾದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗುಗಳು ಮಾರಕಾಸ್ತ್ರಗಳ ಸಾಲಿಗೆ ಸೇರಿವೆ; ಗೃಹಕೃತ್ಯ, ಬೇಸಾಯ, ವಿಜ್ಞಾನ, ಕೈಗಾರಿಕೆಗಳಿಗೆಂದು ಮಾಡಿದವು ಮಾತ್ರ ಹೊರತು. ಅಂದರೆ ತೆಂಗಿನಕಾಯಿ ಒಡೆಯುವ ಮಚ್ಚು ಒಂದು ಜಾತಿ, ಮನುಷ್ಯನಿಗೆಂದೇ ಮಾಡಿಸಿದ ಮಚ್ಚು ಇನ್ನೊಂದು ಜಾತಿ. ಉಕ್ಕು ಒಂದೇ, ಕುಲುಮೆ ಒಂದೇ. ಬೇರೆಯಾಗುವುದು ಮಾಡಿದ ಉದ್ದೇಶ. ಆತ್ಮರಕ್ಷಣೆಯ ಹಕ್ಕು ನಮಗೆ ಇಲ್ಲವೆಂದಲ್ಲ. 1860ರ ದಂಡಸಂಹಿತೆಯಲ್ಲಿದ್ದ ಆ ಹಕ್ಕು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ 34ರಿಂದ 44ರವರೆಗಿನ ಕಲಮುಗಳಲ್ಲಿ ಉಳಿದಿದೆ. ರಾತ್ರಿಯಲ್ಲಿ ಮನೆಗೆ ಕನ್ನ ಹಾಕುವವನನ್ನು ಎದುರಿಸುವಾಗ ಅದು ಬಹುದೂರದವರೆಗೆ ಹೋಗುತ್ತದೆ. ಆದರೆ ರಕ್ಷಣೆಗೆ ಎಷ್ಟು ಅವಶ್ಯವೋ ಅದಕ್ಕಿಂತ ಹೆಚ್ಚಿನ ಕೇಡು ಮಾಡತಕ್ಕದ್ದಲ್ಲವೆಂಬ ಎಲ್ಲೆಯೂ ಅದರಲ್ಲಿದೆ. ಓಡಿಹೋಗುವ ತಂತಿಗಳ್ಳನ ಬೆನ್ನಿಗೆ ಬೀಸಿದ ಮಚ್ಚು ಈ ಎಲ್ಲೆಯೊಳಗೆ ನಿಲ್ಲುವುದು ಕಷ್ಟ. ಕೋಲಿನ ಏಟನ್ನು ಅಳೆದು ಕೊಡಬಹುದು. ಎರಡು ಅಡಿಯ ಅಲಗನ್ನು ಕತ್ತಲೆಯಲ್ಲಿ ಅಳೆದು ಬೀಸಿದವರುಂಟೆ?

ಕಾಯಿದೆಯ ಮಾತು ಹಾಗಿರಲಿ, ಮನೆಯ ಅಳತೆಯನ್ನಾದರೂ ನೋಡಬೇಡವೆ? ನಮ್ಮ ನಡುಮನೆಯ ತೊಲೆ ಕೈಯೆತ್ತಿದರೆ ತಾಗುತ್ತದೆ. ಅಲ್ಲಿ ಉದ್ದನೆಯ ಮಚ್ಚನ್ನು ಮೇಲೆತ್ತಿದರೆ ಮೊದಲು ಕಡಿತ ಬೀಳುವುದು ತೊಲೆಗೆ. ಅಡ್ಡಲಾಗಿ ಬೀಸಿದರೆ ಕಂಬಕ್ಕೆ, ಇಲ್ಲವೆ ಪಕ್ಕದಲ್ಲಿ ನಿಂತ ಅತ್ತೆಯವರಿಗೆ. ಭಾರವಾದ ಅಲಗು ಒಮ್ಮೆ ಗುರಿ ತಪ್ಪಿತೆಂದರೆ ಮತ್ತೆ ಹಿಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಎದುರಿನವನು ಮಣಿಕಟ್ಟನ್ನು ಹಿಡಿದಿರುತ್ತಾನೆ. ಬರಿಗೈಯಲ್ಲಿ ಬಂದ ಕಳ್ಳನಿಗೆ ಹೀಗೆ ನಾವೇ ಆಯುಧವನ್ನು ಒದಗಿಸಿದಂತಾಗುತ್ತದೆ. ನಿದ್ದೆಗಣ್ಣಿನಲ್ಲಿ ಎದ್ದವರಿಗೆ ಕತ್ತಲೆಯಲ್ಲಿ ನೆರಳು ಕಾಣುತ್ತದೆಯೇ ಹೊರತು ಮುಖ ಕಾಣುವುದಿಲ್ಲ. ಘಟ್ಟ ತೆರೆಯುತ್ತಲೇ ಮೊದಲ ಗಾಡಿಯಲ್ಲಿ ಹೊರಟು ಬಂದ ಯಜಮಾನರದೂ ಆ ಹೊತ್ತಿನಲ್ಲಿ ನೆರಳೇ.

ನಮ್ಮ ಸೀಮೆಯಲ್ಲಿ ಮನೆಗೆ ಬರುವ ಅಪಾಯಗಳಾದರೂ ಎಂಥವು? ಮೊದಲನೆಯದು ಆನೆ. ನಾಲ್ಕು ಟನ್ನು ತೂಗುವ ಸಲಗದೆದುರು ಮಚ್ಚು ಹಿಡಿದು ನಿಲ್ಲುವವನ ಧೈರ್ಯವನ್ನು ಮೆಚ್ಚಲು ಅವನೇ ಉಳಿಯುವುದಿಲ್ಲ. ಇಬ್ಬರ ಪ್ರಾಣ ತೆಗೆದ 'ಕರುಪ್ಪನ್' ಎಂಬ ಕಾಡಾನೆಯನ್ನು 2023ರ ಏಪ್ರಿಲಿನಲ್ಲಿ ಹಿಡಿಯಬೇಕಾದರೆ ಪಳಗಿದ ಕುಮ್ಕಿ ಆನೆಗಳೂ ಅರಿವಳಿಕೆಯ ಮದ್ದೂ ತಿಂಗಳುಗಳ ಪ್ರಯತ್ನವೂ ಬೇಕಾದುವು. ಎರಡನೆಯದು ಚಿರತೆ. ಪಾಳುಬಿದ್ದ ಕಲ್ಲುಕ್ವಾರಿಗಳಲ್ಲಿ ಅಡಗಿದ್ದು ರಾತ್ರಿ ಆಡು, ನಾಯಿಗಳನ್ನು ಒಯ್ಯುವ ಅದಕ್ಕೆ ಭದ್ರವಾದ ಕೊಟ್ಟಿಗೆಯೇ ಉತ್ತರ. ಮೂರನೆಯದು ಮನುಷ್ಯ. 2000ದ ಜುಲೈ 30ರ ರಾತ್ರಿ ದೊಡ್ಡ ಗಾಜನೂರಿನ ಮನೆಯಿಂದ ವೀರಪ್ಪನ್ ಡಾ. ರಾಜಕುಮಾರರನ್ನು ಕಾಡಿಗೆ ಒಯ್ದಾಗ ನಾನು ಪ್ರಾಥಮಿಕ ಶಾಲೆಯ ಹುಡುಗಿ. 108 ದಿನಗಳ ಮೇಲೆ, ನವೆಂಬರಿನಲ್ಲಿ, ಅವರು ಬಿಡುಗಡೆಯಾಗುವವರೆಗೆ ನಮ್ಮ ಹಳ್ಳಿಗಳಲ್ಲಿ ಸಂಜೆಯಾದರೆ ಮಾತಿನ ದನಿಯೇ ಇಳಿಯುತ್ತಿತ್ತು. ಬೇಸಾಯದ ಊರುಗಳಲ್ಲಿ ಮಚ್ಚಿಗೆ ಕೊರತೆಯುಂಟೆ? ಬಂದೂಕಿನ ಮುಂದೆ ಅವೆಲ್ಲ ಮೂಲೆಯಲ್ಲಿಯೇ ಇದ್ದುವು. ಹೊರಗೆ ತೆಗೆದಿದ್ದರೆ ಆ ರಾತ್ರಿಯ ಕತೆ ಇನ್ನೂ ಕೆಟ್ಟದಾಗುತ್ತಿತ್ತು.

ಅಲಗಿನಲ್ಲಿ ನಂಬಿಕೆ ಹೋದವರು ಕೈಗೆ ಸಿಕ್ಕಿದ್ದನ್ನು ಆಯುಧ ಮಾಡಿಕೊಳ್ಳಲು ಹೊರಡುತ್ತಾರೆ. ಇದರಲ್ಲಿ ಅತಿ ಘೋರವಾದುದು ಬೇಲಿಯ ತಂತಿಗೆ ನೇರವಾಗಿ ಮನೆಯ ವಿದ್ಯುತ್ತನ್ನು ಹರಿಸುವುದು. 2023ರ ಮಾರ್ಚಿನಲ್ಲಿ ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿಯ ಬಳಿ ಇಂಥ ಕಳ್ಳಬೇಲಿಗೆ ಮೂರು ಆನೆಗಳು ಒಮ್ಮೆಗೇ ಬಲಿಯಾದುವು. ಆ ತಂತಿಗೆ ಹಂದಿ, ಆನೆ, ಬೆಳಗಿನ ಜಾವ ನೀರು ಕಟ್ಟಲು ಬಂದ ನೆರೆಯವನು ಎಂಬ ಭೇದ ತಿಳಿಯುವುದಿಲ್ಲ. ಮುಟ್ಟಿದ ಪ್ರಾಣಿಯನ್ನು ಬೆದರಿಸಿ ಬಿಡುವ, ನಿಯಮದಂತೆ ಹಾಕಿದ ಸೋಲಾರ್ ಬೇಲಿ ಬೇರೆ, ಇದು ಬೇರೆ.

ಮನೆಯ ಸಾಮಾನು ಆಯುಧವಾದ ಕತೆಗಳಲ್ಲಿ ಕನ್ನಡಿಗರೆಲ್ಲರೂ ನೆನೆಯುವುದು ಓಬವ್ವನ ಒನಕೆಯನ್ನು. ಹೈದರಾಲಿಯ ಸೈನಿಕರು ಚಿತ್ರದುರ್ಗದ ಕೋಟೆಯ ಕಿಂಡಿಯೊಂದರಲ್ಲಿ ನುಸುಳಿ ಬರುವಾಗ, ಕಾವಲುಗಾರನ ಹೆಂಡತಿ ಓಬವ್ವ ಗಂಡನನ್ನು ಊಟಕ್ಕೆ ಕೂರಿಸಿ ನೀರು ತರಲು ಹೋಗಿದ್ದಳೆಂದೂ, ಮನೆಯ ಒನಕೆಯನ್ನು ತಂದು ಒಬ್ಬೊಬ್ಬರನ್ನಾಗಿ ಕೆಡವಿದಳೆಂದೂ ಹೇಳುತ್ತಾರೆ. 2021ರಿಂದ ಕರ್ನಾಟಕ ಸರಕಾರ ನವೆಂಬರ್ 11ರಂದು ಅವಳ ಜಯಂತಿಯನ್ನು ಆಚರಿಸುತ್ತಿದೆ. ಈ ಕತೆಯನ್ನು ತರಗತಿಯಲ್ಲಿ ಹೇಳಿದಾಗ ಹುಡುಗಿಯೊಬ್ಬಳು, "ಒನಕೆ ಅಂದ್ರೆ ಏನು ಮಿಸ್?" ಎಂದು ಕೇಳಿದಳು. ಹಿಟ್ಟಿನ ಗಿರಣಿಯೂ ಮಿಕ್ಸಿಯೂ ಬಂದ ಮೇಲೆ ಹುಟ್ಟಿದ ಮಕ್ಕಳು ಇವರು. ಈಗಿನ ಓಬವ್ವ ಮಿಕ್ಸಿಯನ್ನು ಎತ್ತಿಕೊಂಡು ಹೋಗಬೇಕಾದರೆ ಅದರ ವಯರನ್ನು ಕೀಳುವಷ್ಟರಲ್ಲಿಯೇ ಕೋಟೆ ಬಿದ್ದಿರುತ್ತದೆ! ನಗೆಯ ಮಾತು ಹಾಗಿರಲಿ. ಆ ಕತೆಯಲ್ಲಿ ನಾವು ಒನಕೆಯನ್ನು ಹೊಗಳಿ ಕಿಂಡಿಯನ್ನು ಮರೆಯುತ್ತೇವೆ. ಒಬ್ಬನೇ ಬಗ್ಗಿ ನುಸುಳಬಹುದಾದ ಕಿಂಡಿ ಅದು; ಬರುವವನಿಗೆ ಕೈಯೆತ್ತಲು ಸ್ಥಳವಿಲ್ಲ, ಹೊರಗೆ ನಿಂತವಳಿಗೆ ಸ್ಥಳವುಂಟು. ದಿನವೂ ಭತ್ತ ಕುಟ್ಟಿದ ತೋಳಿಗೆ ಒನಕೆಯ ತೂಕ ಹೊಸದಲ್ಲ. ಎಲ್ಲಿ ನಿಲ್ಲಬೇಕೆಂಬುದನ್ನೂ, ತನ್ನ ಕೈಗೆ ಏನು ಒಗ್ಗಿದೆಯೆಂಬುದನ್ನೂ ಆ ತಾಯಿ ಬಲ್ಲಳು. ಅದೇ ಒನಕೆಯನ್ನು ಬಯಲಿನಲ್ಲಿ ನನ್ನಂಥವಳ ಕೈಗೆ ಕೊಟ್ಟಿದ್ದರೆ ಚಿತ್ರದುರ್ಗದ ಇತಿಹಾಸದಲ್ಲಿ ಆ ಪುಟವೇ ಇರುತ್ತಿರಲಿಲ್ಲ.

ಇನ್ನೊಂದು ಹಳೆಯ ಕಲ್ಲು ನನಗೆ ಇದಕ್ಕಿಂತಲೂ ಹತ್ತಿರದ ಪಾಠ ಹೇಳಿತು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 949-50ರ ಒಂದು ಶಾಸನ ದೊರೆತಿದೆ. ಗಂಗರ ಬೂತುಗನ ವೀರನಾದ ಮಣಲೇರ ಯುದ್ಧದಲ್ಲಿ ಪರಾಕ್ರಮ ತೋರಿ, ರಾಜನಿಂದ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದನು. ಆ ನಾಯಿ ದೊಡ್ಡದೊಂದು ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತುವು. ಮಣಲೇರ ಅದರ ನೆನಪಿಗೆ ಕಲ್ಲು ನಿಲ್ಲಿಸಿ ಪೂಜೆಗೆ ಭೂಮಿ ಬಿಡಿಸಿದನು. ಅಲಗುಗಳ ನಡುವೆಯೇ ಬಾಳಿದ ವೀರನೊಬ್ಬ, ಏನು ಬೇಕೆಂದು ಕೇಳುವ ಅವಕಾಶ ಸಿಕ್ಕಾಗ ನಾಯಿಯನ್ನು ಕೇಳಿದನೆಂಬುದು ಯೋಚಿಸತಕ್ಕ ಸಂಗತಿ. ನಾಯಿ ನಮಗಿಂತ ಮೊದಲು ಎಚ್ಚರಗೊಳ್ಳುತ್ತದೆ. ಯಜಮಾನರ ನೆರಳಿಗೂ ಕಳ್ಳನ ನೆರಳಿಗೂ ಇರುವ ವ್ಯತ್ಯಾಸ ಬಲ್ಲದು. ಅದರ ಬೊಗಳಿಕೆಯನ್ನು ಕಿತ್ತುಕೊಂಡು ನಮ್ಮ ಮೇಲೆಯೇ ತಿರುಗಿಸಲು ಯಾರಿಂದಲೂ ಆಗದು.

ಇಷ್ಟಾದರೂ ಮಚ್ಚಿನ ಮೋಹ ಹುಡುಗರಲ್ಲಿ ಬೆಳೆಯುತ್ತಲೇ ಇದೆ. 1995ರ 'ಓಂ', 2005ರ 'ಜೋಗಿ' ಮೊದಲಾದ ಚಿತ್ರಗಳಿಂದ ಕನ್ನಡಕ್ಕೆ 'ಲಾಂಗು' ಎಂಬ ಪದ ಚೆನ್ನಾಗಿ ರೂಢಿಯಾಯಿತು. ಲಾಂಗು ಎಂದರೆ ಕಬ್ಬು, ಸೌದೆ, ಕಾಯಿ ಯಾವುದನ್ನೂ ಕಡಿಯದ ಮಚ್ಚು. ಅದಕ್ಕೆ ಮನುಷ್ಯನೊಬ್ಬನನ್ನು ಬಿಟ್ಟು ಬೇರೆ ಕೆಲಸವಿಲ್ಲ. ನಾಲ್ಕನೆಯ ತರಗತಿಯ ಹುಡುಗನೊಬ್ಬ 'ನಮ್ಮ ಮನೆ' ಎಂಬ ಚಿತ್ರವನ್ನು ಬರೆದು ತಂದ. ತೆಂಗಿನ ಮರ, ಹಸು, ಬಾಗಿಲು; ಬಾಗಿಲ ಪಕ್ಕದಲ್ಲಿ ಬಾಗಿಲಿನಷ್ಟೇ ಎತ್ತರದ ಒಂದು ಲಾಂಗು. ಅದೇಕೆ ಎಂದೆ. "ಯಾರಾದ್ರೂ ಬಂದ್ರೆ ಇರಲಿ ಅಂತ ಮಿಸ್" ಎಂದ. ದೊಡ್ಡವರ ಮಾತು ಅಕ್ಷರವೂ ತಪ್ಪದೆ ಅವನ ಬಾಯಲ್ಲಿತ್ತು. ಮನೆಯ ಚಿತ್ರದಲ್ಲಿ ಅವನು ತಾಯಿಯನ್ನು ಬರೆದಿರಲಿಲ್ಲ.

ಈ ಚಿತ್ರವನ್ನು ನೋಡಿ ನಾನು ಸುಮ್ಮನೆ ನಗಲಾರದೆ ಹೋದುದಕ್ಕೆ ಕಾರಣವುಂಟು. ನಮ್ಮ ಸುತ್ತಲ ಊರುಗಳಲ್ಲಿ ಒಂದರಲ್ಲಿ ಅಣ್ಣತಮ್ಮಂದಿರು ಒಂದೇ ಬೋರಿನ ನೀರನ್ನು ಸರದಿಯಲ್ಲಿ ಹಂಚಿಕೊಂಡಿದ್ದರು. ಅಣ್ಣನ ಮನೆಯಲ್ಲಿ ಕಳ್ಳರಿಗೆಂದು ಇಟ್ಟ ಮಚ್ಚಿತ್ತು. ವರ್ಷಗಟ್ಟಲೆ ಕಾದರೂ ಕಳ್ಳ ಬರಲಿಲ್ಲ. ಒಂದು ಬೇಸಗೆಯಲ್ಲಿ ನೀರು ತಳ ಕಂಡಿತು. ಸರದಿಯ ಮಾತು ಬೆಳೆಯಿತು. ತಮ್ಮ ಜಗಳವಾಡುತ್ತ ಬಾಗಿಲಿಗೆ ಬಂದ. ಕೈಗೆ ಸಿಕ್ಕುವಂತೆ ಬಾಗಿಲಲ್ಲೇ ಇದ್ದ ಮಚ್ಚು ಕೈಗೆ ಸಿಕ್ಕಿತು. ತಮ್ಮನ ಎಡಗೈಯ ಎರಡು ಬೆರಳು ಹೋದುವು. ಅವನ ಮಗ ನಮ್ಮ ಶಾಲೆಯಲ್ಲಿ ಓದಿದ. ಅಣ್ಣನ ಮಗಳೂ ಅಲ್ಲಿಯೇ ಓದಿದಳು. ಇಬ್ಬರೂ ಒಂದೇ ಕೊಠಡಿಯಲ್ಲಿ, ಒಬ್ಬರನ್ನೊಬ್ಬರು ನೋಡದಂತೆ ಐದು ವರ್ಷ ಕುಳಿತರು. ಮಚ್ಚು ಸೌದೆಯ ಕೊಟ್ಟಿಗೆಯಲ್ಲಿ ಇದ್ದಿದ್ದರೆ ಅಲ್ಲಿಗೆ ಹೋಗಿ ಬರುವಷ್ಟು ಹೊತ್ತು ಸಿಟ್ಟಿಗೂ ಸಿಕ್ಕುತ್ತಿತ್ತು. ಇಪ್ಪತ್ತು ಹೆಜ್ಜೆಯಲ್ಲಿ ಎಷ್ಟೋ ಸಿಟ್ಟುಗಳು ಇಳಿಯುತ್ತವೆ. ನಮ್ಮ ಬಾಗಿಲಿಗೆ ಕಳ್ಳನಿಗಿಂತ ಹೆಚ್ಚು ಸಲ ಬರುವವರು ನಮ್ಮವರೇ ಅಲ್ಲವೆ? ಜಗಳವಾಡಲು ಬರುವವರೂ ಅವರೇ.

ಹಾಗಾದರೆ ಕೈಕಟ್ಟಿ ಕೂರುವುದೆ ಎಂದು ಮೈದುನ ಕೇಳಿದ. ಅತ್ತೆಯವರು ನನ್ನ ಬದಲಿಗೆ ಉತ್ತರ ಕೊಟ್ಟರು: "ಕಳ್ಳ ಬಂದಾಗ ಮಚ್ಚು ಹುಡುಕ್ತ ಕೂರಕ್ಕಾಯ್ತದ? ಮೊದ್ಲು ಬಾಗ್ಲ ಭದ್ರ ಮಾಡು. ಆಮೇಲ ಬಾಯಿ ಬುಟ್ಟು ಕೂಗು." ಅವರ ಎಳೆಯ ದಿನಗಳಲ್ಲಿ ರಾಗಿಯ ಹೊಲಕ್ಕೆ ಆನೆ ಬಂದರೆ ಅಟ್ಟಣೆಯ ಮೇಲಿದ್ದವನು ಕೂಗುತ್ತಿದ್ದನಂತೆ, ಆ ಕೂಗಿಗೆ ಊರೇ ತಮಟೆ, ತಗಡು, ಪಂಜುಗಳೊಡನೆ ಏಳುತ್ತಿತ್ತಂತೆ. ಅವರ ಮಾತಿನಂತೆಯೇ ನಡೆದೆವು. ಆಚಾರಿಯಿಂದ ಬಾಗಿಲಿಗೆ ಒಳಗಿನಿಂದ ಅಡ್ಡ ಹಾಕುವ ಗಟ್ಟಿ ಕಬ್ಬಿಣದ ಪಟ್ಟಿಯನ್ನು ಮಾಡಿಸಿದೆವು. ಇದಕ್ಕೆ ಅವನು "ಯಾನ ಕೆಲ್ಸಕ್ಕ" ಎಂದು ಕೇಳಲಿಲ್ಲ. ಹೊರಗೆ ಎರಡು ದೀಪ, ಒಳಗೆ ತಲೆದಿಂಬಿನ ಬಳಿ ದೊಡ್ಡ ಟಾರ್ಚು, ಒಂದು ಪೀಪಿ. ಸುತ್ತಲಿನ ನಾಲ್ಕು ಮನೆಯವರೊಡನೆ ಒಂದು ಒಪ್ಪಂದ: ಪೀಪಿ ಊದಿದರೆ ಎಲ್ಲರೂ ದೀಪ ಹಾಕಿ ಕೂಗಬೇಕು, ಯಾರೂ ಒಬ್ಬರೇ ಕತ್ತಲೆಗೆ ಇಳಿಯಕೂಡದು, ಒಬ್ಬರು ಪೋಲೀಸು ಠಾಣೆಗೋ ಅರಣ್ಯದವರಿಗೋ ಫೋನು ಮಾಡಬೇಕು. ಕಂದುಬಣ್ಣದ ಒಂದು ನಾಯಿಮರಿ. ಮಗಳು ಅದಕ್ಕೆ ಕಾಳಿ ಎಂದೇ ಹೆಸರಿಟ್ಟಿದ್ದಾಳೆ. ಹಳೆಯ ಮಚ್ಚು ಸೌದೆಯ ಕೊಟ್ಟಿಗೆಯಲ್ಲಿ ಮಗುವಿನ ಕೈಗೆ ಎಟುಕದ ಎತ್ತರದಲ್ಲಿದೆ. ದಿನವೂ ಸೌದೆ ಸೀಳುತ್ತದೆ. ಭಯ ಪೂರ್ತಿ ಹೋಯಿತೆಂದು ಹೇಳಲಾರೆ. ಗಾಡಿ ಘಟ್ಟದ ಕೆಳಗೆ ಉಳಿದ ರಾತ್ರಿಗಳಲ್ಲಿ ಎರಡು ಸಲವಾದರೂ ಎಚ್ಚರವಾಗುತ್ತದೆ. ಆದರೆ ಎಚ್ಚರವಾದಾಗ ಕೈ ಟಾರ್ಚಿಗೆ ಹೋಗುತ್ತದೆ.

ಮಹಾನವಮಿಯ ದಿನ ನಮ್ಮಲ್ಲಿ ಆಯುಧಪೂಜೆ. ತಮಿಳುನಾಡಿನಲ್ಲಿ ಅಂದೇ ಸರಸ್ವತಿಪೂಜೆಯೂ ಹೌದು. ಕುಡುಗೋಲು, ಮಚ್ಚು, ಗುದ್ದಲಿ, ಸೇರು, ತಕ್ಕಡಿ, ಯಜಮಾನರ ಗಾಡಿ, ನನ್ನ ಪುಸ್ತಕ ಎಲ್ಲಕ್ಕೂ ಒಂದೇ ತಟ್ಟೆಯ ಕುಂಕುಮ ಬೀಳುತ್ತದೆ. ವರ್ಷವೆಲ್ಲ ದುಡಿದವನ್ನು ತೊಳೆದು, ಒಂದು ದಿನ ವಿಶ್ರಾಂತಿ ಕೊಟ್ಟು, ಕೈಮುಗಿಯುವ ಹಬ್ಬವದು. ಈ ಸಲ ಹಬ್ಬದ ಹಿಂದಿನ ದಿನ ತರಗತಿಯಲ್ಲಿ ಮಕ್ಕಳಿಗೆ ಒಂದು ಕೆಲಸ ಕೊಟ್ಟೆ: ಮನೆಯಲ್ಲಿರುವ ಆಯುಧಗಳ ಪಟ್ಟಿ ಮಾಡಿ, ಪ್ರತಿಯೊಂದರ ಎದುರಿಗೆ ಅದು ಏನು ಕೆಲಸ ಮಾಡುತ್ತದೆಂದು ಬರೆದು ತರಬೇಕು. ಬೇರೆ ಶಾಲೆಗಳ ಉಪಾಧ್ಯಾಯ ಮಿತ್ರರೂ ಇದನ್ನು ಮಾಡಿಸಿ ನೋಡಬಹುದು. ನನ್ನ ತರಗತಿಯ ಪಟ್ಟಿಗಳಲ್ಲಿ ಈಳಿಗೆಮಣೆಯಿಂದ ಟ್ರಾಕ್ಟರಿನವರೆಗೆ ಎಲ್ಲದರ ಎದುರಿಗೂ ಒಂದೊಂದು ಕೆಲಸವಿತ್ತು. ಮೂರು ಪಟ್ಟಿಗಳಲ್ಲಿ ಮಾತ್ರ ಒಂದೊಂದು ಹೆಸರಿನ ಎದುರಿಗೆ ಏನೂ ಬರೆದಿರಲಿಲ್ಲ. ಆ ಮಕ್ಕಳಿಗೆ, ಮನೆಗೆ ಹೋಗಿ ಅಪ್ಪನನ್ನು ಕೇಳಿ ಬರೆದುಕೊಂಡು ಬನ್ನಿರೆಂದು ಹೇಳಿ ಕಳುಹಿಸಿದ್ದೇನೆ.